ನಿಂಬೆಹಣ್ಣಿನಲ್ಲಿ ಕರೆಂಟಿಲ್ಲ, ಆದರೂ ಒಂದು ಬ್ಯಾಟರಿ ಮಾಡಿ ನೋಡಿ

ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಒಂದು ನಿಂಬೆಹಣ್ಣು, ಅದಕ್ಕೆ ಚುಚ್ಚಿದ ಎರಡು ಮೊಳೆ, ಮೊಳೆಗೆ ಸುತ್ತಿದ ವೈರು. ವೈರಿನ ತುದಿ ಚಾರ್ಜರ್ ಪಿನ್ನಿಗೆ. ಫೋನ್ ಚಾರ್ಜ್ ಆಗುತ್ತಿರುವ ಗುರುತು ಬರುತ್ತದೆ, ಹಿಂದೆ ಜೋರು ಮ್ಯೂಸಿಕ್ಕು, ಮೇಲೆ "ಇನ್ನು ಕರೆಂಟ್ ಬಿಲ್ ಬೇಕಿಲ್ಲ" ಅಂತ ಬರಹ. ನಿಂಬೆಹಣ್ಣಿನ ಬದಲು ಈರುಳ್ಳಿ ಇರಬಹುದು, ಆಲೂಗಡ್ಡೆ ಇರಬಹುದು, ಉಪ್ಪುನೀರಿನ ಬಾಟಲಿ ಇರಬಹುದು, ನೆಲಕ್ಕೆ ನೆಟ್ಟ ಕಂಬಿ ಇರಬಹುದು. ಕಥೆ ಮಾತ್ರ ಒಂದೇ.

ಈ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಫೋನ್ ಚಾರ್ಜ್ ಆಗುವ ಮಾತು ಸುಳ್ಳು. ಆದರೆ ನಿಂಬೆಹಣ್ಣಿನ ಬ್ಯಾಟರಿ ಸುಳ್ಳಲ್ಲ. ಅದನ್ನು ನಿಮ್ಮ ಮನೆಯ ಮಕ್ಕಳು ಕೈಯಾರೆ ಮಾಡಬೇಕು, ಮೀಟರ್ ಇಟ್ಟು ಅಳೆಯಬೇಕು. "ಫ್ರೀ ಕರೆಂಟ್" ಅಂತ ಯಾರಾದರೂ ಮನೆ ಬಾಗಿಲಿಗೆ ಬಂದಾಗ ಮೋಸ ಹೋಗದಿರಲು ಅದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ.

ಬಿಸಿಲಿಗಿಟ್ಟ ಶೆಲ್ಲು

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ. ಒಳಗೆ ಹಾಕುವುದಕ್ಕೆ ಶೆಲ್ಲು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಬ್ಯಾಟರಿ ಇರಲೇಬೇಕಿತ್ತು. ಬೆಳಕು ಮಂಕಾದರೆ ಹಳೆ ಶೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಓಡಿಸುತ್ತಿದ್ದ ಮನೆಗಳು ಎಷ್ಟೋ.

ಅದು ಮೂಢನಂಬಿಕೆ ಆಗಿರಲಿಲ್ಲ. ಸಾಧಾರಣ ಶೆಲ್ಲಿನ ಹೊರಡಬ್ಬಿ ಸತುವಿನದು. ನಡುವೆ ಕಾರ್ಬನ್ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಪ್ಪು ಪುಡಿ, ಜೊತೆಗೆ ಒದ್ದೆ ಪೇಸ್ಟು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಬಿಸಿ ತಗುಲಿಸಿದರೆ ಒಳಗಿನ ಪದಾರ್ಥಗಳು ಸರಿದಾಡಿ, ಉಳಿದ ಸತು ಇನ್ನಷ್ಟು ಕೆಲಸ ಮಾಡುತ್ತದೆ. ಬಿಸಿಲು ಶೆಲ್ಲಿಗೆ ಹೊಸದಾಗಿ ಏನನ್ನೂ ತುಂಬುವುದಿಲ್ಲ. ಪಾತ್ರೆಯ ತಳದಲ್ಲಿ ಅಂಟಿದ್ದನ್ನು ಕೆರೆದು ಬಡಿಸುತ್ತದೆ, ಅಷ್ಟೆ. ಸತು ಮುಗಿದ ಮೇಲೆ ಎಷ್ಟು ಬಿಸಿಲಿಗಿಟ್ಟರೂ ಬೆಳಕು ಬರದು. ಇದನ್ನು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು.

ಈ ಒಂದು ಮಾತು ನೆನಪಿಟ್ಟುಕೊಳ್ಳಿ: ಬ್ಯಾಟರಿಯಲ್ಲಿ ಏನೋ ಒಂದು ಖರ್ಚಾಗುತ್ತದೆ. ಅದು ಮುಗಿದರೆ ಬ್ಯಾಟರಿಯೂ ಮುಗಿಯಿತು.

ನಾಲ್ಕು ನಿಂಬೆಹಣ್ಣಿನ ಪರೀಕ್ಷೆ

ನಾನೀಗ ಇರುವುದು ಬೆಂಗಳೂರಿನ ಹೊರಮಾವಿನಲ್ಲಿ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವ ತನಕ ಇದು ನಗರದ ಹೊರಗಿದ್ದ ಊರು. ಈಗ ಅಪಾರ್ಟ್‌ಮೆಂಟುಗಳ ನಡುವೆ ಇಸ್ತ್ರಿ ಗಾಡಿ, ಗುಜರಿ ಅಂಗಡಿ, ಹಾರ್ಡ್‌ವೇರ್ ಅಂಗಡಿ ಎಲ್ಲ ಪಕ್ಕಪಕ್ಕದಲ್ಲೇ ಇವೆ. ಬ್ಯಾಟರಿ ಮಾಡಲು ಇಷ್ಟು ಸಾಕು. ನಿಮ್ಮ ಹೋಬಳಿ ಕೇಂದ್ರದಲ್ಲೂ ಇವೆಲ್ಲ ಸಿಗುತ್ತವೆ.

ಬೇಕಾದದ್ದು: ನಾಲ್ಕು ನಿಂಬೆಹಣ್ಣು, ನಾಲ್ಕು ಜಿಐ ಮೊಳೆ, ನಾಲ್ಕು ತುಂಡು ತಾಮ್ರದ ತಂತಿ, ಜೋಡಿಸಲು ವೈರು, ಒಂದು ಕೆಂಪು ಎಲ್‌ಇಡಿ, ಒಂದು ಮಲ್ಟಿಮೀಟರ್. ಜಿಐ ಮೊಳೆ ಅಂದರೆ ತುಕ್ಕು ಹಿಡಿಯದಿರಲಿ ಎಂದು ಸತುವಿನ ಲೇಪ ಕೊಟ್ಟ ಕಬ್ಬಿಣದ ಮೊಳೆ. ಮಲ್ಟಿಮೀಟರ್ ಮಾತ್ರ ಸ್ವಲ್ಪ ಖರ್ಚಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇನ್ನೂರು ಮುನ್ನೂರು ರೂಪಾಯಿಗೆ ಸಾಧಾರಣದ್ದು ಸಿಗುತ್ತದೆ. ಊರಿನ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಕೇಳಿದರೆ ಒಂದು ಗಂಟೆ ಕೊಟ್ಟಾರು.

ನಿಂಬೆಹಣ್ಣನ್ನು ಅಂಗೈಯಲ್ಲಿ ಒತ್ತಿ ಉರುಳಿಸಿ, ಒಳಗೆ ರಸ ಬಿಡಲಿ. ಒಂದು ಕಡೆ ಮೊಳೆ, ಇನ್ನೊಂದು ಕಡೆ ತಾಮ್ರ ಚುಚ್ಚಿ. ಒಳಗೆ ಎರಡೂ ಒಂದಕ್ಕೊಂದು ತಾಗಬಾರದು. ಮೀಟರ್ ಇಟ್ಟರೆ ಸುಮಾರು 0.9 ವೋಲ್ಟ್ ತೋರಿಸುತ್ತದೆ. ಒಂದರ ತಾಮ್ರದಿಂದ ಮುಂದಿನದರ ಮೊಳೆಗೆ ವೈರು ಕಟ್ಟುತ್ತಾ ನಾಲ್ಕನ್ನೂ ಸಾಲಾಗಿ ಜೋಡಿಸಿದರೆ ಮೂರೂವರೆ ವೋಲ್ಟಿನ ಆಸುಪಾಸು. ಎಲ್‌ಇಡಿಯ ಉದ್ದ ಕಾಲು ತಾಮ್ರದ ಕಡೆಗೆ, ಗಿಡ್ಡ ಕಾಲು ಮೊಳೆಯ ಕಡೆಗೆ. ಕೋಣೆ ಕತ್ತಲೆ ಮಾಡಿದರೆ ಮಿಣುಕು ಬೆಳಕು ಕಾಣುತ್ತದೆ.

ಹೆಚ್ಚಿನ ವಿಡಿಯೋಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ಪರೀಕ್ಷೆ ಇನ್ನು ಮುಂದೆ.

ಮೊದಲು ಹಣ್ಣು ಬದಲಿಸಿ. ಆಲೂಗಡ್ಡೆ ಹಾಕಿ, ಹುಣಸೆಹುಳಿ ನೀರು ಹಾಕಿ, ಹುಳಿ ಮಜ್ಜಿಗೆ ಹಾಕಿ, ಉಪ್ಪುನೀರು ಹಾಕಿ. ಮೊಳೆ ಮತ್ತು ತಾಮ್ರ ಅವೇ ಇರಲಿ. ವೋಲ್ಟ್ ಹೆಚ್ಚೇನೂ ಬದಲಾಗುವುದಿಲ್ಲ.

ಈಗ ಹಣ್ಣು ಅದೇ ಇರಲಿ, ಮೊಳೆ ತೆಗೆದು ಎರಡೂ ಕಡೆ ತಾಮ್ರವನ್ನೇ ಚುಚ್ಚಿ. ಮೀಟರ್ ಸೊನ್ನೆಯ ಹತ್ತಿರ ಬೀಳುತ್ತದೆ.

ಕರೆಂಟ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹಣ್ಣು ಬದಲಾದರೂ ನಡೆಯುತ್ತದೆ, ಲೋಹ ಬದಲಾದರೆ ನಿಲ್ಲುತ್ತದೆ. ಸತು ಹುಳಿಯಲ್ಲಿ ಕರಗುತ್ತಾ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಅವು ವೈರಿನ ಮೂಲಕ ತಾಮ್ರದ ಕಡೆಗೆ ಓಡುತ್ತವೆ. ಆ ಓಟವೇ ಕರೆಂಟು. ಒಲೆಗೆ ಹೋಲಿಸಿ ಹೇಳುವುದಾದರೆ ಸತು ಸೌದೆ, ನಿಂಬೆಹಣ್ಣು ಒಲೆ ಮಾತ್ರ. ಸೌದೆ ಇಲ್ಲದೆ ಒಲೆ ಉರಿಯುತ್ತದೆಯೇ?

ಒಂದು ಎಚ್ಚರಿಕೆ. ಹೊರದೇಶದ ವಿಡಿಯೋಗಳಲ್ಲಿ ನಾಣ್ಯ ಜೋಡಿಸಿ ಬ್ಯಾಟರಿ ಮಾಡುತ್ತಾರೆ. ಅಮೆರಿಕದ ಪೆನ್ನಿಯ ಒಳಗೆ ಸತು ಇರುತ್ತದೆ, ಹೊರಗೆ ತಾಮ್ರದ ಲೇಪ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೀಲಿನವು. ಅದನ್ನು ನೋಡಿ ಇಲ್ಲಿ ಮಾಡಿದರೆ ಆಗುವುದಿಲ್ಲ, ಮಕ್ಕಳು ತಮಗೇ ಬರುವುದಿಲ್ಲ ಅಂದುಕೊಂಡು ಕೈಬಿಡುತ್ತಾರೆ.

ಅಜ್ಜಿಗೆ ಗೊತ್ತಿದ್ದ ಕಿಲುಬು

ಹುಳಿಗೂ ಲೋಹಕ್ಕೂ ಆಗಿಬರುವುದಿಲ್ಲ ಎಂಬುದು ನಮ್ಮ ಅಡುಗೆಮನೆಗೆ ಹೊಸ ವಿಷಯವಲ್ಲ. ತಾಮ್ರದ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಸಾರು ಇಡಬೇಡ, ಕಿಲುಬು ಬರುತ್ತದೆ ಎಂದು ಅಜ್ಜಿಯರು ಗದರುತ್ತಿದ್ದರು. ಅದಕ್ಕೇ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವರು ಬೀದಿಯಲ್ಲಿ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು.

ಆ ನವಸಾಗರವೇ 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಬ್ಯಾಟರಿಯ ನೀರಿನಲ್ಲೂ ಇತ್ತು. ಗಾಜಿನ ಜಾಡಿಯಲ್ಲಿ ನವಸಾಗರದ ನೀರು, ಒಂದು ಸತುವಿನ ಕಡ್ಡಿ, ಇನ್ನೊಂದು ಕಡೆ ಕಾರ್ಬನ್ ಮತ್ತು ಮ್ಯಾಂಗನೀಸ್ ಪುಡಿ. ಇದೇ ಮುಂದೆ ಒಣಗಿ, ಡಬ್ಬಿಯೊಳಗೆ ಸೇರಿ, ನಮ್ಮ ಟಾರ್ಚಿನ ಶೆಲ್ಲಾಯಿತು. ಮ್ಯಾಂಗನೀಸ್ ಅದಿರಿಗೆ ನಾವು ದೂರ ಹೋಗಬೇಕಿಲ್ಲ, ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿದೆ.

ಮೊಟ್ಟಮೊದಲ ಬ್ಯಾಟರಿಯ ಕಥೆ ಇನ್ನೂ ಹಿಂದಿನದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದದ್ದು 1799ರಲ್ಲಿ. ಮರುವರ್ಷ, 1800ರಲ್ಲಿ, ಇಟಲಿಯ ವೋಲ್ಟಾ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು, ಒಂದರ ಮೇಲೊಂದು ಪೇರಿಸಿ ಕರೆಂಟ್ ಹರಿಸಿದ. ಅವನ ಹೆಸರೇ ವೋಲ್ಟ್ ಆಗಿ ಉಳಿಯಿತು. ಅಂದರೆ ಮೊದಲ ಬ್ಯಾಟರಿ ಕಾರ್ಖಾನೆಯಲ್ಲಿ ಹುಟ್ಟಲಿಲ್ಲ, ಮೇಜಿನ ಮೇಲೆ ಕೈಯಿಂದ ಪೇರಿಸಿದ್ದು.

ಲೆಕ್ಕ ಹಾಕೋಣ

ಈಗ ಆ ವಿಡಿಯೋಗೆ ವಾಪಸ್ ಬರೋಣ. ನಿಂಬೆಹಣ್ಣು ಫೋನ್ ಚಾರ್ಜ್ ಮಾಡುತ್ತದೆಯೇ?

ವೋಲ್ಟ್ ಎಂದರೆ ನೀರಿನ ಟ್ಯಾಂಕಿನ ಎತ್ತರ ಇದ್ದ ಹಾಗೆ. ಆಂಪ್ ಎಂದರೆ ಪೈಪಿನಲ್ಲಿ ಬರುವ ನೀರು. ಟ್ಯಾಂಕ್ ಎಷ್ಟೇ ಎತ್ತರದಲ್ಲಿದ್ದರೂ ಪೈಪು ಸೂಜಿಯಷ್ಟಿದ್ದರೆ ಕೊಡ ತುಂಬುವುದು ಯಾವಾಗ? ನಿಂಬೆಹಣ್ಣಿನದು ಸೂಜಿ ಪೈಪು. ಕೆಲಸಕ್ಕೆ ಹಚ್ಚಿದಾಗ ಅದು ಅರ್ಧ ವೋಲ್ಟಿನಲ್ಲಿ ಒಂದು ಮಿಲಿಆಂಪ್ ಕೊಟ್ಟರೆ ದೊಡ್ಡದು. ಒಂದು ಮಿಲಿಆಂಪ್ ಎಂದರೆ ಆಂಪಿನ ಸಾವಿರದ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ಹಣ್ಣಿನಿಂದ ಅರ್ಧ ಮಿಲಿವ್ಯಾಟ್. ನಿಮ್ಮ ಹಳೆಯ ನಿಧಾನದ ಚಾರ್ಜರ್ ಕೊಡುವುದು 5 ವ್ಯಾಟ್. ಅಷ್ಟು ಬರಬೇಕಾದರೆ 10,000 ನಿಂಬೆಹಣ್ಣು ಬೇಕು.

ಇಂಡಿ ತಾಲೂಕಿನ ತೋಟದಿಂದ ಲಾರಿ ತರಿಸಬೇಕಾದೀತು. ಒಂದಕ್ಕೆ ಐದು ರೂಪಾಯಿ ಎಂದರೂ ಐವತ್ತು ಸಾವಿರ.

ಅದೇ ಫೋನನ್ನು ಗೋಡೆಯ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿದರೆ? 5000 ಎಂದು ಬರೆದಿರುವ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಹಿಡಿಯುತ್ತದೆ. ನಷ್ಟ ಸೇರಿಸಿ 25 ಎಂದುಕೊಳ್ಳಿ. ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್, ಅಂದರೆ ನಲವತ್ತು ಸಲ ಫುಲ್ ಚಾರ್ಜ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಒಂದು ಚಾರ್ಜಿಗೆ ಹದಿನೈದು ಪೈಸೆ.

ಶೆಲ್ಲಿನ ಲೆಕ್ಕವೂ ನೋಡಿ. ಗಡಿಯಾರಕ್ಕೆ ಹಾಕುವ ಸಾಧಾರಣ ಶೆಲ್ಲಿನಲ್ಲಿ ಹೆಚ್ಚೆಂದರೆ ಒಂದು ವ್ಯಾಟ್-ಅವರ್. ಸಾವಿರ ಶೆಲ್ಲು ಸೇರಿದರೆ ಒಂದು ಯೂನಿಟ್. ಒಂದಕ್ಕೆ ಹತ್ತು ರೂಪಾಯಿ ಎಂದರೂ ಯೂನಿಟ್ಟಿಗೆ ಹತ್ತು ಸಾವಿರ ಆಯಿತು. ಶೆಲ್ಲಿಗೆ ನಾವು ಕೊಡುವ ದುಡ್ಡು ಕರೆಂಟಿಗಲ್ಲ, ಜೇಬಿನಲ್ಲಿಟ್ಟು ಬೇಕೆಂದಲ್ಲಿಗೆ ಒಯ್ಯುವ ಸೌಕರ್ಯಕ್ಕೆ.

ವಿಡಿಯೋದಲ್ಲಿ ಫೋನ್ ಹೇಗೆ ಚಾರ್ಜ್ ಆಯಿತು ಹಾಗಾದರೆ? ಮೇಜಿನ ಕೆಳಗೆ ಪವರ್ ಬ್ಯಾಂಕ್ ಬಚ್ಚಿಡುವುದು, ವೈರನ್ನು ಹಿಂದಿನಿಂದ ಎಳೆಯುವುದು, ವಿಡಿಯೋ ಕತ್ತರಿಸಿ ಅಂಟಿಸುವುದು ಏನು ಕಷ್ಟ?

ಫಾಯಿಲ್ ಮತ್ತು ಇದ್ದಿಲು

ನಿಂಬೆಹಣ್ಣಿಗಿಂತ ಗಟ್ಟಿಯಾದ ಬ್ಯಾಟರಿ ಬೇಕಿದ್ದರೆ ಇನ್ನೊಂದಿದೆ. ಊಟ ಕಟ್ಟುವ ಅಲ್ಯುಮಿನಿಯಂ ಫಾಯಿಲ್, ಇದ್ದಿಲು, ಉಪ್ಪು, ಟಿಶ್ಯೂ ಪೇಪರ್.

ಅಂಗೈ ಅಗಲದ ಫಾಯಿಲ್ ಹಾಸಿ. ಅರ್ಧ ಲೋಟ ನೀರಿಗೆ ಎರಡು ಮೂರು ಚಮಚ ಉಪ್ಪು ಕಲಸಿ. ಅದರಲ್ಲಿ ಟಿಶ್ಯೂ ಪೇಪರ್ ಅಥವಾ ತೆಳು ಹತ್ತಿ ಬಟ್ಟೆ ನೆನೆಸಿ ಫಾಯಿಲ್ ಮೇಲೆ ಹಾಸಿ. ಅದರ ಮೇಲೆ ನುಣ್ಣಗೆ ಕುಟ್ಟಿದ ಇದ್ದಿಲ ಪುಡಿ ಒಂದೆರಡು ಚಮಚ ಹರಡಿ, ಅದಕ್ಕೂ ಉಪ್ಪುನೀರು ಚಿಮುಕಿಸಿ. ಪುಡಿ ಫಾಯಿಲಿಗೆ ತಾಗಬಾರದು. ಪುಡಿಯ ಮೇಲೆ ಸಿಪ್ಪೆ ತೆಗೆದ ತಾಮ್ರದ ತಂತಿ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಇದ್ದಿಲು ಪ್ಲಸ್, ಫಾಯಿಲ್ ಮೈನಸ್. ಒಂದಕ್ಕೆ 0.6ರಿಂದ 1 ವೋಲ್ಟ್ ಬರುತ್ತದೆ. ನಿಂಬೆಹಣ್ಣಿಗಿಂತ ಎಷ್ಟೋ ಪಾಲು ಹೆಚ್ಚು ಕರೆಂಟ್ ಹರಿಯುತ್ತದೆ. ಮೂರು ನಾಲ್ಕು ಜೋಡಿಸಿದರೆ ಎಲ್‌ಇಡಿ ಚೆನ್ನಾಗಿ ಹೊತ್ತುತ್ತದೆ. ಚೆನ್ನಾಗಿ ಕಾದು ಸುಟ್ಟ ಇದ್ದಿಲೇ ಬೇಕು, ಅರೆಬೆಂದದ್ದರಲ್ಲಿ ಕರೆಂಟ್ ಹರಿಯುವುದಿಲ್ಲ. ಇಸ್ತ್ರಿ ಗಾಡಿಯವರ ಇದ್ದಿಲು ಅಥವಾ ತೆಂಗಿನ ಕರಟದ ಇದ್ದಿಲು ನೋಡಿ.

ಇಲ್ಲಿ ಇದ್ದಿಲು ಉರಿಯುವುದಿಲ್ಲ. ಗಾಳಿಯ ಆಮ್ಲಜನಕವನ್ನು ಒಳಗೆ ಬಿಡುವ ಬಾಗಿಲು ಅದು. ಖರ್ಚಾಗುವುದು ಅಲ್ಯುಮಿನಿಯಂ. ಕೆಲವು ಗಂಟೆ ನಡೆಸಿ ಫಾಯಿಲನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತು ಬಿದ್ದಿರುತ್ತವೆ.

ಆ ಅಲ್ಯುಮಿನಿಯಂ ಎಲ್ಲಿಂದ ಬಂತು? ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಎಂಬ ಬಿಳಿ ಪುಡಿ ಮಾಡುತ್ತಾರೆ. ಬೆಳಗಾವಿಯಲ್ಲಿ ಆ ಕಾರ್ಖಾನೆ ಇದೆ. ಆ ಪುಡಿಯಿಂದ ಲೋಹ ತೆಗೆಯಲು ಕರೆಂಟ್ ಹರಿಸಲೇಬೇಕು, ಒಂದು ಕೆ.ಜಿ. ಅಲ್ಯುಮಿನಿಯಂಗೆ ಸುಮಾರು 14 ಯೂನಿಟ್. ಮಡಿಸಿಟ್ಟ ಫಾಯಿಲ್ ಎಂದರೆ ಮಡಿಸಿಟ್ಟ ಕರೆಂಟ್ ಎಂದೇ ಹೇಳಬಹುದು. ನಮ್ಮ ಬ್ಯಾಟರಿ ಅದರಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತದೆ. ಎಲ್ಲೋ ಒಬ್ಬರು ಬಿಲ್ ಕಟ್ಟಿಯೇ ಇದ್ದಾರೆ. ಫ್ರೀ ಎಂಬುದು ಇಲ್ಲೂ ಇಲ್ಲ.

ನೀರು ನುಗ್ಗಿದಾಗ

ಇದೆಲ್ಲ ಮಕ್ಕಳಾಟ, ನಮಗ್ಯಾಕೆ ಎನ್ನುವವರು ಇದ್ದಾರೆ. 2025ರ ಮೇ 18ರ ರಾತ್ರಿ ಸುರಿದ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ನೆಲಮಹಡಿಗಳಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಅಂಥ ಹೊತ್ತಿನಲ್ಲಿ ಫೋನಿನಲ್ಲಿ ಉಳಿದ ಚಾರ್ಜೇ ಜೀವ. ನಿಮ್ಮೂರಿನಲ್ಲಿ ಗಾಳಿಮಳೆಗೆ ಕಂಬ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗಲೂ ಅದೇ ಕಥೆ. ಆಗ ನಿಂಬೆಹಣ್ಣು ಹುಡುಕಿಕೊಂಡು ಕೂತರೆ ಇರುವ ಹೊತ್ತೂ ಹೋಯಿತು.

ಆಗ ಕೈಹಿಡಿಯುವುದು ಮೊದಲೇ ತುಂಬಿಟ್ಟ ಬ್ಯಾಟರಿ. ಮಳೆಗಾಲಕ್ಕೆ ಮುಂಚೆ ಚಾರ್ಜ್ ಮಾಡಿಟ್ಟ ಪವರ್ ಬ್ಯಾಂಕ್, ಒಂದು ಟಾರ್ಚು, ಒಂದು ಜೊತೆ ಹೊಸ ಶೆಲ್ಲು, ಬೈಕಿಗೆ ಹಾಕಿಸಿದ ಯುಎಸ್‌ಬಿ ಪಾಯಿಂಟ್.

ಈ ಪಾಠಕ್ಕೆ ಹೊರಮಾವಿನ ನೆರೆಯಲ್ಲೇ ಸಾಕ್ಷಿ ಇದೆ. ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟಿತು. ಹಳೆಯ ಲ್ಯಾಂಡ್‌ಲೈನ್ ಮನೆಯಲ್ಲಿ ಕರೆಂಟ್ ಹೋದರೂ ಯಾಕೆ ನಡೆಯುತ್ತಿತ್ತು? ಎಕ್ಸ್‌ಚೇಂಜಿನಲ್ಲಿ ಎರಡೆರಡು ವೋಲ್ಟಿನ 24 ಬ್ಯಾಟರಿಗಳು ಸಾಲಾಗಿ ಕೂತು 48 ವೋಲ್ಟ್ ಕೊಡುತ್ತಿದ್ದವು. ಫೋನಿಗೆ ಬೇಕಾದ ಕರೆಂಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಯಾರೋ ಮೊದಲೇ ತುಂಬಿಟ್ಟದ್ದರಿಂದ ನಡೆಯುತ್ತಿತ್ತು.

ಇನ್ನೂ ಹಿಂದೆ ಹೋದರೆ, ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಅದಕ್ಕೂ ದಶಕಗಳ ಮೊದಲೇ ಇಲ್ಲಿ ಟೆಲಿಗ್ರಾಂ ಇತ್ತು. ಆ ಕಾಲದ ತಂತಿ ಕಚೇರಿಗಳು ನಡೆಯುತ್ತಿದ್ದದ್ದು ಸತು ಮತ್ತು ಉಪ್ಪಿನ ದ್ರಾವಣ ತುಂಬಿದ ಜಾಡಿಗಳಿಂದ. ಜಾಡಿ ಸಾಲಾಗಿ ಜೋಡಿಸುವುದು, ನೀರು ಹಾಕುವುದು, ಸವೆದ ಸತು ಬದಲಿಸುವುದು ಅಲ್ಲಿನ ದಿನನಿತ್ಯದ ಕೆಲಸ. ನೀವು ನಾಲ್ಕು ನಿಂಬೆಹಣ್ಣು ಜೋಡಿಸುವಾಗ ಮಾಡುವುದು ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಇವನ್ನು ಮಾಡಬೇಡಿ

ಮನೆಯಲ್ಲಿ ಬ್ಯಾಟರಿ ಮಾಡುವುದು ಬೇರೆ, ಬ್ಯಾಟರಿ ಒಡೆಯುವುದು ಬೇರೆ. ಕಾರ್ಬನ್ ಕಡ್ಡಿಗಾಗಿ ಹಳೆ ಶೆಲ್ಲು ಜಜ್ಜುವ ಆಟ ಹಳ್ಳಿಗಳಲ್ಲಿ ಹಳೆಯದು. ಈಗ ಬೇಡ. ಆಲ್ಕಲೈನ್ ಶೆಲ್ಲಿನೊಳಗೆ ಚರ್ಮ, ಕಣ್ಣು ಸುಡುವ ಕ್ಷಾರ ಇದೆ. ಫೋನಿನ ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ, ಬಗ್ಗಿಸಿದರೆ ಬೆಂಕಿ ಹೊತ್ತುತ್ತದೆ. ಉಬ್ಬಿದ್ದರೆ ಬಳಸುವುದನ್ನೇ ನಿಲ್ಲಿಸಿ. ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಯಲ್ಲಿ ಆ್ಯಸಿಡ್ಡೂ ಇದೆ, ಸೀಸವೂ ಇದೆ.

ಎಲ್ಲಕ್ಕಿಂತ ಅಪಾಯ ರಿಮೋಟು, ಆಟಿಕೆಗಳ ಗುಂಡಿ ಶೆಲ್ಲು. ಸಣ್ಣ ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಲು ಶುರುವಾಗಬಹುದು. ಕಕ್ಕಿಸಲು ಹೋಗಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ.

ಪ್ರಯೋಗಕ್ಕೆ ಬಳಸಿದ ನಿಂಬೆಹಣ್ಣನ್ನು ಪಾನಕ ಮಾಡಬೇಡಿ, ಅದರಲ್ಲಿ ಸತು ಕರಗಿರುತ್ತದೆ. ಮನೆ ಬ್ಯಾಟರಿಯ ವೈರನ್ನು ಯಾವತ್ತೂ ಗೋಡೆಯ ಪ್ಲಗ್ಗಿಗೆ ಸೇರಿಸಬೇಡಿ. ಸತ್ತ ಬ್ಯಾಟರಿಗಳನ್ನು ಒಲೆಗೆ, ತಿಪ್ಪೆಗೆ, ಕೆರೆಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅಂಗಡಿಯಲ್ಲಿ ಕೇಳಿ. ಕೇಳುವವರಿದ್ದರೆ ಮಾತ್ರ ನಿಯಮ ನಡೆಯುತ್ತದೆ.

ಶಾಲೆಗಳಿಗೆ ಒಂದು ಬೇಡಿಕೆ

ಹೈಸ್ಕೂಲು ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ಎಷ್ಟೋ ಶಾಲೆಗಳಲ್ಲಿ ಪಾಠ "ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬಲ್ಲಿಗೆ ಮುಗಿಯುತ್ತದೆ. ಶುಷ್ಕಕೋಶದ ಚಿತ್ರವನ್ನು ಅಂದವಾಗಿ ಬರೆದು ಪೂರ್ತಿ ಅಂಕ ತೆಗೆದ ಹುಡುಗ ಸಂಜೆ ಅದೇ ನಿಂಬೆಹಣ್ಣಿನ ವಿಡಿಯೋ ಫಾರ್ವರ್ಡ್ ಮಾಡಿದರೆ ಆ ಅಂಕದಿಂದ ಏನು ಬಂತು?

ಲ್ಯಾಬ್ ಇಲ್ಲ ಎಂಬುದು ಇಲ್ಲಿ ಕಾರಣವಾಗಲಾರದು. ಒಂದು ಶಾಲೆಗೆ ಎರಡು ಮಲ್ಟಿಮೀಟರ್ ಸಾಕು. ಎಸ್‌ಡಿಎಂಸಿಯವರು, ಹಳೆ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಸಭೆಯ ಚಹಾ ಖರ್ಚಿನಲ್ಲಿ ಬರುತ್ತವೆ. ಮೇಷ್ಟ್ರಿಗೆ ನಮ್ಮ ಕೋರಿಕೆ ಇಷ್ಟೆ: ಮಕ್ಕಳು ಎಲ್‌ಇಡಿ ಹೊತ್ತಿಸಿದಾಗ ಚಪ್ಪಾಳೆ ತಟ್ಟಿ ನಿಲ್ಲಿಸಬೇಡಿ. ಲೋಹ ಬದಲಿಸಿ ನೋಡಿಸಿ, ಅಳೆಸಿ, ಬರೆಸಿ. ಎಷ್ಟು ಹಣ್ಣಿದ್ದರೆ ಫೋನ್ ಚಾರ್ಜ್ ಆದೀತು ಎಂದು ಅವರಿಂದಲೇ ಲೆಕ್ಕ ಹಾಕಿಸಿ. ಹತ್ತು ಸಾವಿರ ಎಂಬ ಉತ್ತರವನ್ನು ತಾವೇ ಕಂಡುಕೊಂಡ ಮಕ್ಕಳು ಅದನ್ನು ಮರೆಯುವುದಿಲ್ಲ, ಮನೆಗೆ ಹೋಗಿ ಅಪ್ಪನಿಗೂ ಹೇಳುತ್ತಾರೆ.

ದೊಡ್ಡವರಿಗೂ ಇದು ಬೇಕು. ಕರೆಂಟ್ ಬಿಲ್ ಅರ್ಧ ಮಾಡುವ ಡಬ್ಬಿ, ಪೆಟ್ರೋಲ್ ಬೇಡದ ಬೈಕು, ನೀರಿನಿಂದ ಓಡುವ ಪಂಪ್‌ಸೆಟ್ ಅಂತ ಮಾರಲು ಬರುವವರು ಇದ್ದೇ ಇರುತ್ತಾರೆ. ಅವರಿಗೆ ಮೂರು ಪ್ರಶ್ನೆ ಕೇಳಿ. ಎಷ್ಟು ವೋಲ್ಟು? ಎಷ್ಟು ಆಂಪು, ಎಷ್ಟು ಗಂಟೆ? ಒಳಗೆ ಖರ್ಚಾಗುವುದು ಯಾವುದು, ಅದರ ಬೆಲೆ ಏನು?

ಮೂರನೆಯದಕ್ಕೆ "ಏನೂ ಖರ್ಚಾಗುವುದಿಲ್ಲ" ಎಂಬ ಉತ್ತರ ಬಂದರೆ ಜೇಬಿನಿಂದ ಕೈ ತೆಗೆಯಬೇಡಿ. ಖರ್ಚಾಗಲಿರುವುದು ನಿಮ್ಮ ದುಡ್ಡು.